ಒಂದೇ ಕಿಣ್ವದ ಹಿಂದೆ ಬಿದ್ದರೆ ಬೆಳೆಯಲಾಗದೆ?

ಪ್ರಶ್ನೆ: ಮೇಡಂ, ನಾನು ವೈದ್ಯಕೀಯ ವಿದ್ಯಾರ್ಥಿನಿ. ರಕ್ತದ ಕಾಯಿಲೆಗಳಲ್ಲಿ ಸಂಶೋಧನೆ ಮಾಡುವ ಆಸೆ. ‘ಒಂದು ಕಿಣ್ವ ಹಿಡಿದು ಕೂತರೆ ಅಲ್ಲೇ ಉಳಿದುಬಿಡ್ತೀಯ’ ಎಂದು ಹಿರಿಯರು ಹೆದರಿಸುತ್ತಾರೆ. ನಿಜವೇ?

ಉತ್ತರ: ನಿಜವಲ್ಲಮ್ಮ. ಅವರಿಗೆ ರಕ್ತದ ಕಾಯಿಲೆಗಳ ಸಂಶೋಧಕ ಅರ್ನೆಸ್ಟ್ ಬ್ಯೂಟ್ಲರ್ ಅವರ ವಿಷಯ ಹೇಳು.

1928ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವರು. ಯಹೂದಿ ಮನೆತನ; ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಅಮೆರಿಕ ಸೇರಿತು. 1950ರಲ್ಲಿ ಶಿಕಾಗೋದಲ್ಲಿ ವೈದ್ಯರಾದ ಬ್ಯೂಟ್ಲರ್ ಸ್ವಲ್ಪ ಕಾಲದಲ್ಲೇ ಮಲೇರಿಯಾ ಸಂಶೋಧನೆಯ ತಂಡಕ್ಕೆ ಸೇರಿದರು. ಅಲ್ಲಿದ್ದ ಒಗಟು ಇದು: ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್ ಮಾತ್ರೆ ಹೆಚ್ಚಿನವರಿಗೆ ಒಗ್ಗುತ್ತದೆ, ಕೆಲವರಿಗೆ ಮಾತ್ರ ಕೆಂಪು ಕಣಗಳೇ ಒಡೆದು ಮೂತ್ರ ಕಪ್ಪಾಗುತ್ತದೆ. ಏಕೆ? ಈ ಪ್ರಯೋಗಗಳು ನಡೆದದ್ದು ಇಲಿನಾಯ್‌ನ ಸ್ಟೇಟ್‌ವಿಲ್ ಜೈಲಿನ ಕೈದಿಗಳ ಮೇಲೆ. ಅವರು ಒಪ್ಪಿಗೆ ಕೊಟ್ಟಿದ್ದರು, ಸರಿ. ಆದರೆ ಸರಳುಗಳ ಹಿಂದಿರುವವನ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಈ ವಿದ್ಯೆ ಕಲಿಯುವಾಗ ಅದನ್ನೂ ಕಲಿ.

ದೋಷ ಇರುವುದು ಕಣದೊಳಗೇ ಎಂದು ತಂಡ ಮೊದಲು ತೋರಿಸಿತು. 1954ರಲ್ಲಿ ಬ್ಯೂಟ್ಲರ್ ಮತ್ತು ಜೊತೆಗಾರರು ಇನ್ನೊಂದು ಸಂಗತಿ ಕಂಡುಕೊಂಡರು: ಒಡೆಯುವುದು ವಯಸ್ಸಾದ ಕಣಗಳು, ಎಳೆಯವು ಉಳಿಯುತ್ತವೆ. ಇದನ್ನು ನೆನಪಿಟ್ಟುಕೋ. ಅಂಥವರ ಕಣಗಳಲ್ಲಿ ಕಣವನ್ನು ಹಾನಿಯಿಂದ ಕಾಯುವ ಗ್ಲುಟಾಥಯೋನ್ ಎಂಬ ವಸ್ತು ನಿಲ್ಲುವುದಿಲ್ಲ ಎಂಬುದನ್ನೂ ಅವರೇ ಪತ್ತೆಹಚ್ಚಿದರು. ಆ ಜಾಡು ಹಿಡಿದು 1956ರಲ್ಲಿ ಅದೇ ತಂಡದ ಪಾಲ್ ಕಾರ್ಸನ್ ಮತ್ತಿತರರು ಆ ಗ್ಲುಟಾಥಯೋನನ್ನು ಕಾಪಾಡಲು ಬೇಕಾದ ಜಿ6ಪಿಡಿ ಎಂಬ ಕಿಣ್ವದ ಕೊರತೆಗೆ ಬಂದು ಮುಟ್ಟಿದರು. ಕೆಂಪು ಕಣಕ್ಕೆ ನ್ಯೂಕ್ಲಿಯಸ್ ಇಲ್ಲ, ಹೊಸ ಕಿಣ್ವ ಮಾಡಿಕೊಳ್ಳಲಾರದು. ಹುಟ್ಟುವಾಗ ತಂದ ಬುತ್ತಿಯಲ್ಲೇ ಸುಮಾರು 120 ದಿನ ಕಳೆಯಬೇಕು. ಬುತ್ತಿಯೇ ಕಡಿಮೆಯಿದ್ದರೆ ಮುಪ್ಪಿನಲ್ಲಿ ಮಾತ್ರೆಯ ಹೊಡೆತ ತಡೆಯದು.

ಅದೇ ಕಿಣ್ವ ಅವರನ್ನು ಅನುವಂಶೀಯತೆಗೂ ಕರೆದೊಯ್ದಿತು. ಜಿ6ಪಿಡಿ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಒಂದು ಜೀನ್ ಮಾತ್ರ ಕೆಟ್ಟಿರುವ ಹೆಂಗಸಿನ ಪ್ರತಿ ಕಣದಲ್ಲೂ ಅರ್ಧರ್ಧ ಕಿಣ್ವ ಇರುವುದಿಲ್ಲ. ಕೆಲವು ಕಣಗಳಲ್ಲಿ ಪೂರ್ತಿ, ಕೆಲವದರಲ್ಲಿ ಕೊರತೆ. ಪ್ರತಿ ಜೀವಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ಸುಮ್ಮನಾಗಿರುತ್ತದೆ ಎಂದು ಅವರು 1962ರಲ್ಲಿ ಮನುಷ್ಯರಲ್ಲಿ ತೋರಿಸಿದ್ದು ಹೀಗೆ. ಅದಕ್ಕೆ ಹಿಂದಿನ ವರ್ಷ ಬ್ರಿಟನ್ನಿನ ತಳಿವಿಜ್ಞಾನಿ ಮೇರಿ ಲಯನ್ ಇಲಿಗಳನ್ನು ನೋಡಿ ಅದನ್ನೇ ಹೇಳಿದ್ದರು. ಮುಂದೆ, ಇನ್ನೊಂದು ಕಿಣ್ವದ ಕೊರತೆಯಿಂದ ಬರುವ ಗೋಶೆ ಕಾಯಿಲೆಯ ಅಧ್ಯಯನ; ಆಮೇಲೆ ಹೇರಿ ಸೆಲ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ಕ್ಲ್ಯಾಡ್ರಿಬಿನ್ ಔಷಧ. 2008ರಲ್ಲಿ ತೀರಿಕೊಂಡರು. ಇದನ್ನು ‘ಅಲ್ಲೇ ಉಳಿಯುವುದು’ ಎನ್ನುತ್ತಾರೆಯೇ?

ಜಿ6ಪಿಡಿ ಕೊರತೆ ಪತ್ತೆಹಚ್ಚಲು ಅವರು 1966ರಲ್ಲಿ ಪ್ರಕಟಿಸಿದ ಸ್ಪಾಟ್ ಟೆಸ್ಟನ್ನು ನಾನು ಲ್ಯಾಬಿನಲ್ಲಿ ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ರಕ್ತ ಬೆರೆಸಿದ ದ್ರಾವಣದ ಒಂದು ಹನಿಯನ್ನು ಫಿಲ್ಟರ್ ಪೇಪರ್ ಮೇಲಿಟ್ಟು, ಒಣಗಿಸಿ, ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿಯಬೇಕು. ಕಿಣ್ವ ಇದ್ದರೆ ಹನಿ ನೀಲಿಯಾಗಿ ಹೊಳೆಯುತ್ತದೆ, ಇಲ್ಲದಿದ್ದರೆ ಕಪ್ಪಗೆ ಉಳಿಯುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ರಾತ್ರಿ ಒಬ್ಬ ಹುಡುಗನ ರಕ್ತ ಬಂತು. ಕಣ್ಣು ಹಳದಿ, ಮೂತ್ರ ಕಪ್ಪು ಎಂದು ಚೀಟಿಯಲ್ಲಿ ಬರೆದಿತ್ತು. ಹನಿ ಹೊಳೆಯಿತು. ‘ನಾರ್ಮಲ್’ ಎಂದು ಸಹಿ ಹಾಕಿದೆ. ಕೆಲವು ತಿಂಗಳ ಮೇಲೆ ಅವನೇ ಮತ್ತೆ ಬಂದ, ಹನಿ ಕಪ್ಪಗಿತ್ತು. ಮೊದಲ ಸಲ ಹಳೆಯ ಕಣಗಳೆಲ್ಲ ಆಗಲೇ ಒಡೆದುಹೋಗಿದ್ದವು. ನಾನು ಪರೀಕ್ಷಿಸಿದ್ದು ಉಳಿದಿದ್ದ, ಬುತ್ತಿ ಇನ್ನೂ ಮುಗಿಯದ ಎಳೆಯವನ್ನು. 1954ರ ಆ ಮಾತನ್ನು ಓದಿದ್ದೆ, ಆ ರಾತ್ರಿ ಕೈಗೆ ಬರಲಿಲ್ಲ. ಅವನ ತಾಯಿಯ ಮುಖ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ನೀನು ವಾರ್ಡಿನಲ್ಲಿ ನಿಂತಾಗ, ಆಗಷ್ಟೇ ರಕ್ತ ಒಡೆದ ರೋಗಿಯ ಜಿ6ಪಿಡಿ ‘ನಾರ್ಮಲ್’ ಬಂದರೆ, ಮೂರು ತಿಂಗಳ ನಂತರದ ತಾರೀಕು ಹಾಕಿ ಪರೀಕ್ಷೆಗೆ ಮತ್ತೆ ಬರೆದುಕೊಡು.