ವಿಜಯಪುರದಲ್ಲಿ 8 ವರ್ಷದ ಮಗಳಿಗೆ ಯುಕುಲೇಲೆ (ಗಿಟಾರ್‌ನಂಥ ಪುಟ್ಟ ನಾಲ್ಕು ತಂತಿಯ ವಾದ್ಯ) ಬೇಕು. ತುಂಬಾ ದಿನ ಬಾಳಲು ಯಾವ ಮರದ್ದು ಕೊಡಿಸಲಿ?

ಮರದ ಹೆಸರಿಗಿಂತ ಮೊದಲು, ಅದು ಇಡೀ ಹಲಗೆಯದೋ, ಪ್ಲೈವುಡ್‌ನಂತೆ ಪದರ ಅಂಟಿಸಿದ ಲ್ಯಾಮಿನೇಟೋ ಕೇಳಿ. ನಮ್ಮ ವಿಜಯಪುರದ ಏಪ್ರಿಲ್ ಬಿಸಿಲು ಗೊತ್ತಲ್ವಾ? ಆ ಒಣ ಗಾಳಿಗೆ ಇಡೀ ಹಲಗೆ ಕುಗ್ಗಿ ಬಿರುಕು ಬಿಡಬಹುದು. ಲ್ಯಾಮಿನೇಟ್‌ನಲ್ಲಿ ಪದರಗಳ ಎಳೆ ಒಂದಕ್ಕೊಂದು ಅಡ್ಡ ಇರುತ್ತದೆ, ಹಾಗಾಗಿ ಸುಲಭಕ್ಕೆ ಬಿರಿಯುವುದಿಲ್ಲ. ನಾದ ಸ್ವಲ್ಪ ಕಡಿಮೆ, ನಿಜ. ಆದರೂ ಮಗುವಿಗೆ ನಾನು ಅದನ್ನೇ ಹೇಳುತ್ತೇನೆ.

ಮರ ಮಹಾಗನಿ ಅಥವಾ ಸಪೇಲೆ ಇರಲಿ, ದನಿ ಮೆತ್ತಗೆ ತುಂಬಿಕೊಂಡು ಬರುತ್ತದೆ. ಸ್ಪ್ರೂಸ್ ಜೋರಾಗಿ ನುಡಿಯುತ್ತದೆ, ಆದರೆ ಮೆದು ಮರ, ಉಗುರು ತಾಗಿದರೂ ಗೆರೆ ಬೀಳುತ್ತದೆ. ಹವಾಯಿಯ ಕೋವಾ ಮರ ಬಲು ಚೆಂದ, ದುಬಾರಿ ಕೂಡ. ಈಗಲೇ ಬೇಡ.

ಅಳತೆ 23 ಇಂಚಿನದು, ಅಂದರೆ ಕಾನ್ಸರ್ಟ್ ಸೈಜ್ ತಗೊಳ್ಳಿ, ದೊಡ್ಡವಳಾದ ಮೇಲೂ ನುಡಿಸಬಹುದು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಮಾತ್ರ ಬಿಡಬೇಡಿ. ಅಂಟು ಸಡಿಲಾಗಿ, ತಂತಿ ಕಟ್ಟುವ ಪಟ್ಟಿ (ಬ್ರಿಡ್ಜ್) ಎದ್ದು ಬರಬಹುದು.