ಶುಗರ್ ಇರೋರಿಗೆ ಭೇದಿ ಆದಾಗ ಓಆರ್‌ಎಸ್ ಕೊಡಬಹುದಾ? ಅದರಲ್ಲಿ ಸಕ್ಕರೆ ಯಾಕಿರತ್ತೆ?

ಪ್ರಶ್ನೆ: ನಮ್ಮತ್ತೆಗೆ 68 ವರ್ಷ, ಶುಗರ್ ಇದೆ. ಹೋದ ವಾರ ಭೇದಿ ಹಿಡ್ಕೊಳ್ತು. ಓಆರ್‌ಎಸ್ ಪ್ಯಾಕೆಟ್ ಹಿಂದೆ ಗ್ಲೂಕೋಸ್ ಅಂತ ಇತ್ತು, ಶುಗರ್ ಏರತ್ತೇನೋ ಅಂತ ಹೆದರಿ ಬರೀ ಉಪ್ಪಿನ ನೀರು ಕುಡಿಸ್ದೆ. ಮಾಡಿದ್ದು ಸರಿನಾ? ಮಗಳು ಫಸ್ಟ್ ಪಿಯುಸಿ, ಅವಳದ್ದೂ ಒಂದು ಪ್ರಶ್ನೆ ಇದೆ: ಜೀವಕೋಶದ ಪೊರೆ ಕೊಬ್ಬಿಂದ ಆಗಿರೋದು ಅಂತ ಬುಕ್ಕಲ್ಲಿದೆ, ಕೊಬ್ಬು ಅಂದ್ರೆ ಎಣ್ಣೆ ಥರ ಅಲ್ವಾ, ಹಾಗಿದ್ರೆ ಕುಡಿದ ನೀರು ಒಳಗೆ ಹೋಗೋದು ಹೇಗೆ?

ಉತ್ತರ: ಮೊದಲು ನಿಮ್ಮ ಪ್ರಶ್ನೆ ತಗೊಳ್ತೀನಿ ಮೇಡಂ, ಯಾಕಂದ್ರೆ ಇದು ಮತ್ತೆ ಬರಬಹುದು. ಸಕ್ಕರೆ ಬಿಡಬಾರದಿತ್ತು. ಓಆರ್‌ಎಸ್‌ನಲ್ಲಿ ಗ್ಲೂಕೋಸ್ ಹಾಕಿರೋದು ರುಚಿಗೂ ಅಲ್ಲ, ಬರೀ ಶಕ್ತಿ ಬರ್ಲಿ ಅಂತಾನೂ ಅಲ್ಲ, ಉಪ್ಪು ಮತ್ತು ನೀರನ್ನ ಕರುಳಿಂದ ಒಳಗೆ ಎಳ್ಕೊಂಡು ಹೋಗೋಕೆ. ಈಗಿನ ಪ್ಯಾಕೆಟ್‌ನ 1 ಲೀಟರ್ ನೀರಿಗೆ ಕಲಸಿದ್ರೆ ಅದರಲ್ಲಿ 13.5 ಗ್ರಾಂ ಗ್ಲೂಕೋಸ್ ಇರತ್ತೆ, ಅಂದ್ರೆ 200 ಎಂಎಲ್ ಲೋಟಕ್ಕೆ 3 ಗ್ರಾಂ ಕೂಡ ಇಲ್ಲ. ಆ ವಯಸ್ಸಲ್ಲಿ ಮೈಯಲ್ಲಿ ನೀರು ಬತ್ತಿ ಬಿಪಿ ಇಳಿದು ಕಿಡ್ನಿಗೆ ಏಟು ಬೀಳೋದರ ಮುಂದೆ ಅಷ್ಟು ಗ್ಲೂಕೋಸ್ ದೊಡ್ಡ ವಿಷಯ ಅಲ್ಲ, ಮನೇಲಿ ಗ್ಲೂಕೋಮೀಟರ್ ಇದ್ರೆ ಆಗಾಗ ಚೆಕ್ ಮಾಡ್ತಾ ಧೈರ್ಯವಾಗಿ ಕೊಡಿ.

ಇನ್ನು ಯಾಕೆ ಅನ್ನೋದಕ್ಕೆ ನಿಮ್ಮ ಮಗಳ ಪ್ರಶ್ನೆಗೇ ಬರಬೇಕು. ತುಂಬಾ ಒಳ್ಳೆ ಪ್ರಶ್ನೆ ಕೇಳಿದ್ದಾಳೆ, ನಾನು ಫಿಸಿಯಾಲಜಿ ಪಾಠ ಮಾಡೋಳು, ಹೀಗೆ ನಿಲ್ಲಿಸಿ ಕೇಳೋ ಮಕ್ಕಳು ಸಿಕ್ಕಿದ್ರೆ ಆ ದಿನ ಕ್ಲಾಸ್ ಮುಗಿಸೋಕೇ ಮನಸ್ಸು ಬರಲ್ಲ.

ಸಾರಿಗೆ ಒಗ್ಗರಣೆ ಹಾಕಿದ್ಮೇಲೆ ಎಣ್ಣೆ ಗುಂಡು ಗುಂಡಾಗಿ ತೇಲೋದು ನೋಡಿರ್ತೀರಿ. ಎಣ್ಣೆಗೆ ನೀರು ಆಗಲ್ಲ, ಅದಕ್ಕೆ ಹಾಗೆ ಮುದುಡ್ಕೊಳ್ಳತ್ತೆ. ಪೊರೆಯಲ್ಲಿರೋ ಫಾಸ್ಫೋಲಿಪಿಡ್ ಅನ್ನೋ ಕೊಬ್ಬು ಸ್ವಲ್ಪ ಬೇರೆ, ಅದರ ತಲೆಗೆ ನೀರು ಇಷ್ಟ, ಎರಡು ಬಾಲಕ್ಕೆ ನೀರು ಕಂಡ್ರಾಗಲ್ಲ. ಅಂಥ ಕೋಟಿಗಟ್ಟಲೆ ಅಣುಗಳು ನೀರಲ್ಲಿ ಇದ್ರೆ ಏನು ಮಾಡ್ತಾವೆ ಅಂದ್ರೆ, ಜನ ಎದುರುಬದುರು ಎರಡು ಸಾಲಲ್ಲಿ ಕೂತು ಕಾಲು ಮಧ್ಯಕ್ಕೆ ಚಾಚಿದ ಹಾಗೆ ತಲೆ ಎಲ್ಲಾ ಹೊರಗಡೆ ನೀರಿಗೆ, ಬಾಲ ಎಲ್ಲಾ ಒಳಗಡೆ ಮಾಡ್ಕೊಂಡು ಎರಡು ಪದರ ಆಗ್ಬಿಡ್ತಾವೆ, ಯಾರೂ ಹೊಲಿಯೋದು ಬೇಡ, ಅಂಟಿಸೋದು ಬೇಡ. ದಪ್ಪ ಬರೀ 7–8 ನ್ಯಾನೋಮೀಟರ್, ನೋಟ್‌ಬುಕ್‌ನ ಒಂದು ಹಾಳೆ ದಪ್ಪಕ್ಕೆ ಇಂಥ ಸುಮಾರು ಹತ್ತು ಸಾವಿರ ಪೊರೆ ಒಂದರ ಮೇಲೊಂದು ಇಡಬೇಕಾಗತ್ತೆ. ಬುಕ್ಕಿನ ಚಿತ್ರದಲ್ಲಿ ಗೋಡೆ ಥರ ಕಾಣತ್ತೆ, ನಿಜವಾಗಿ ಅದು ಎಣ್ಣೆ ಥರ ಹರಿದಾಡೋದು, ಮಧ್ಯ ಮಧ್ಯ ಪ್ರೋಟೀನ್‌ಗಳು ತೇಲ್ತಿರ್ತಾವೆ. 1972ರಲ್ಲಿ ಸಿಂಗರ್ ಮತ್ತೆ ನಿಕೋಲ್ಸನ್ ಅನ್ನೋ ವಿಜ್ಞಾನಿಗಳು ಫ್ಲೂಯಿಡ್ ಮೊಸಾಯಿಕ್, ಅಂದ್ರೆ ಹರಿದಾಡೋ ಚಿತ್ತಾರ ಅಂತ ಹೆಸರಿಟ್ಟಿದ್ದು ಇದಕ್ಕೇ.

ಈ ಎಣ್ಣೆ ಪದರದಲ್ಲಿ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಆರಾಮಾಗಿ ದಾಟ್ತಾವೆ. ನೀರು ಸ್ವಲ್ಪ ಸ್ವಲ್ಪ ನುಸುಳತ್ತೆ, ಜಾಸ್ತಿ ಬೇಕಾದ ಕಡೆ ಅಕ್ವಾಪೋರಿನ್ ಅನ್ನೋ ಪ್ರೋಟೀನ್ ಕೊಳವೆ ಇರತ್ತೆ, ಕೆಂಪು ರಕ್ತಕಣದಲ್ಲಿ, ಕಿಡ್ನಿಯಲ್ಲಿ ಹೇರಳ, ಒಂದೊಂದು ಕೊಳವೆಯಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣು ಒಂದರ ಹಿಂದೆ ಒಂದು ಸಾಲಾಗಿ ಹೋಗ್ತಾವೆ. ಇದನ್ನ ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಬಂತು. ಮಗಳಿಗೆ ಇದು ಉತ್ತರ.

ಆದ್ರೆ ನೀರು ತಾನಾಗೇ ಎಲ್ಲಿಗೂ ಹೊರಡಲ್ಲ, ಉಪ್ಪು ಸಕ್ಕರೆ ಎತ್ತ ಹೋಗ್ತಾವೋ ಅತ್ತ ಹಿಂದೆ ಹೋಗತ್ತೆ. ಉಪ್ಪಿನ ಸೋಡಿಯಂಗಾಗ್ಲಿ ಗ್ಲೂಕೋಸ್‌ಗಾಗ್ಲಿ ಎಣ್ಣೆ ಪದರ ದಾಟೋಕೆ ಆಗಲ್ಲ, ಬಾಗಿಲು ಬೇಕೇ ಬೇಕು. ಸಣ್ಣ ಕರುಳಿನ ಜೀವಕೋಶದಲ್ಲಿ ಎಸ್‌ಜಿಎಲ್‌ಟಿ1 ಅಂತ ಒಂದು ಬಾಗಿಲಿದೆ, ಎರಡು ಸೋಡಿಯಂ, ಒಂದು ಗ್ಲೂಕೋಸ್ ಜೊತೆಗೆ ಬಂದ್ರೇನೇ ಒಳಗೆ ಬಿಡೋದು. ಆ ಕೋಶದ ಹಿಂಬದಿ ಪೊರೆಯಲ್ಲಿ ಒಂದು ಪಂಪ್ ಕೂತು ಹಗಲೂ ರಾತ್ರಿ ಎಟಿಪಿ (ಕೋಶದ ಇಂಧನ) ಖರ್ಚು ಮಾಡ್ತಾ ಮೂರು ಸೋಡಿಯಂ ಆಚೆ ಹಾಕಿ ಎರಡು ಪೊಟ್ಯಾಸಿಯಂ ಒಳಗೆ ತಗೊಳ್ತಿರತ್ತೆ, ಅದಕ್ಕೆ ಕೋಶದೊಳಗೆ ಸೋಡಿಯಂ ಯಾವಾಗ್ಲೂ ಕಮ್ಮಿ, ಹೊರಗಿನ ಸೋಡಿಯಂ ಒಳಗೆ ನುಗ್ಗೋಕೆ ಕಾಯ್ತಿರತ್ತೆ. ಸೋಡಿಯಂ ಮತ್ತೆ ಗ್ಲೂಕೋಸ್‌ಗೆ ಹೀಗೆ ನಂಟಿದೆ ಅಂತ 1960ರಲ್ಲಿ ಪ್ರಾಗ್‌ನಲ್ಲಿ ರಾಬರ್ಟ್ ಕ್ರೇನ್ ಅನ್ನೋ ವಿಜ್ಞಾನಿ ಹೇಳಿದ್ರು.

ಈಗ ಕಾಲರಾ ನೋಡಿ. ಅದರ ವಿಷ ಪೊರೆ ಹರಿಯಲ್ಲ, ತೂತು ಮಾಡಲ್ಲ, ಕ್ಲೋರೈಡ್ ಹೊರಗೆ ಬಿಡೋ ಬಾಗಿಲು ಮುಚ್ಚದ ಹಾಗೆ ಮಾಡಿಬಿಡತ್ತೆ, ಅದರ ಹಿಂದೇನೇ ಸೋಡಿಯಂ, ನೀರು ಎಲ್ಲಾ ಕರುಳಿಗೆ ಸುರಿಯತ್ತೆ. ಬರೀ ಸೋಡಿಯಂ ಒಳಗೆ ತಗೊಳ್ಳೋ ಮುಖ್ಯ ಬಾಗಿಲೂ ಆಗ ಮಂದ ಆಗತ್ತೆ, ಅದಕ್ಕೇ ಬರೀ ಉಪ್ಪಿನ ನೀರು ಕುಡಿಸಿದ್ರೆ ಸರಿಯಾಗಿ ಹತ್ತಲ್ಲ. ಆದ್ರೆ ಎಸ್‌ಜಿಎಲ್‌ಟಿ1ಗೆ ಏನೂ ಆಗಿರಲ್ಲ! ಒಂದೇ ಪೊರೆ, ಒಂದು ಬಾಗಿಲು ಕೆಟ್ಟಿದೆ, ಪಕ್ಕದ್ದು ಸರಿಯಾಗೇ ಇದೆ, ನಾವು ಆ ಸರಿ ಇರೋ ಬಾಗಿಲಿಂದ ನೀರು ಕಳಿಸೋದು ಅಷ್ಟೆ.

1971ರಲ್ಲಿ ಬಾಂಗ್ಲಾ ಯುದ್ಧದ ಟೈಮಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಕ್ಯಾಂಪಲ್ಲಿ ಕಾಲರಾ ಬಂತು, ಡ್ರಿಪ್ ಸಲೈನ್ ಮುಗೀತಾ ಬಂತು, ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಕಲಸಿದ ನೀರನ್ನ ರೋಗಿಗಳ ಮನೆಯವರ ಕೈಗೇ ಕೊಟ್ಟು ಲೋಟದಲ್ಲಿ ಕುಡಿಸಿ ಅಂದ್ರು. ನೂರಕ್ಕೆ 30 ಜನ ಸಾಯ್ತಿದ್ದ ಕಡೆ ಅದು 3.6ಕ್ಕೆ ಇಳೀತು. ಎಷ್ಟು ಸಲ ಪಾಠ ಮಾಡಿದ್ರೂ ಇಲ್ಲಿ ಬಂದಾಗ ನನ್ನ ಗಂಟಲು ಕಟ್ಟತ್ತೆ.

ಅಳತೆ ಮಾತ್ರ ತಪ್ಪಬೇಡಿ. ಸಕ್ಕರೆ ಜಾಸ್ತಿ ಆದ್ರೆ ಉಲ್ಟಾ ಆಗತ್ತೆ, ಕರುಳಲ್ಲಿ ಉಳಿದ ಸಕ್ಕರೆ ಪೊರೆಯ ಆಚೆಯಿಂದ ನೀರನ್ನ ಎಳ್ಕೊಳ್ಳತ್ತೆ, ಭೇದಿ ಇನ್ನೂ ಜೋರಾಗತ್ತೆ, ಅದಕ್ಕೇ ಕೂಲ್‌ಡ್ರಿಂಕ್ಸ್, ಪ್ಯಾಕೆಟ್ ಜ್ಯೂಸ್ ಬೇಡ. ಪ್ಯಾಕೆಟ್ ಮೇಲೆ ಬರೆದಿರೋಷ್ಟೇ ನೀರು ಹಾಕಿ. ಪ್ಯಾಕೆಟ್ ಸಿಗದಿದ್ರೆ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ ಟೀ ಚಮಚದಲ್ಲಿ ತಲೆ ತಟ್ಟಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಆದ್ರೆ ಇದರಲ್ಲಿ ಸಿಹಿ ಪ್ಯಾಕೆಟ್‌ಗಿಂತ ಜಾಸ್ತಿ, ಅತ್ತೆಯವರಿಗೆ ಪ್ಯಾಕೆಟ್ಟೇ ಮನೇಲಿ ಇಟ್ಕೊಳ್ಳಿ. ಉಚ್ಚೆ ಕಮ್ಮಿ ಆದ್ರೆ, ಮಂಪರು ಬಂದ್ರೆ, ಕುಡಿದಿದ್ದೆಲ್ಲಾ ವಾಂತಿ ಆದ್ರೆ, ಮಲದಲ್ಲಿ ರಕ್ತ ಕಂಡ್ರೆ ಮನೇಲಿ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಇನ್ನೊಂದು, ಅತ್ತೆಯವರ ಮಾತ್ರೆ ಸ್ಟ್ರಿಪ್ ತೆಗೆದು ನೋಡಿ, ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಅಂತ ಇದ್ಯಾ? ಕರುಳಿನ ಆ ಬಾಗಿಲಿಗೆ ಕಿಡ್ನಿಯಲ್ಲಿ ಒಂದು ತಂಗಿ ಇದೆ, ಎಸ್‌ಜಿಎಲ್‌ಟಿ2, ಈ ಮಾತ್ರೆ ಅದನ್ನ ಮುಚ್ಚತ್ತೆ, ಸಕ್ಕರೆ ಉಚ್ಚೆಯಲ್ಲಿ ಹೋಗತ್ತೆ, ಜೊತೆಗೆ ನೀರೂ ಹೋಗತ್ತೆ. ಅದಕ್ಕೆ ಭೇದಿ ಇರೋ ದಿನಗಳಲ್ಲಿ ಇದನ್ನ ನಿಲ್ಲಿಸೋಕೆ ಸಾಮಾನ್ಯವಾಗಿ ಡಾಕ್ಟ್ರು ಹೇಳ್ತಾರೆ, ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ಬಗ್ಗೆನೂ ಕೇಳ್ಕೊಳ್ಳಿ. ಮುಂದಿನ ಸಲ ಚೆಕಪ್‌ಗೆ ಹೋದಾಗ ಭೇದಿ, ವಾಂತಿ ಆದ್ರೆ ಯಾವ ಮಾತ್ರೆ ಬಿಡ್ಬೇಕು, ಯಾವ್ದು ಮುಂದುವರಿಸ್ಬೇಕು ಅಂತ ಒಂದು ಚೀಟೀಲಿ ಬರೆಸ್ಕೊಂಡು ಮಾತ್ರೆ ಡಬ್ಬಿಯೊಳಗೆ ಇಟ್ಬಿಡಿ.