ಪ್ಲಮ್ ಮರ ಹೂ ಬಿಡುತ್ತದೆ, ಕಾಯಿ ಕಟ್ಟುವುದಿಲ್ಲ. ಏಕೆ? ಹಣ್ಣು ಬಂದರೆ ಏನು ಮಾಡಬಹುದು?

ಗೊಬ್ಬರದ ಚೀಲಕ್ಕೆ ಕೈ ಹಾಕುವ ಮೊದಲು ಪಕ್ಕದಲ್ಲಿ ಜೊತೆ ಮರವಿದೆಯೇ ನೋಡಿ. ಜಪಾನಿ ಪ್ಲಮ್ ತಳಿಗಳಲ್ಲಿ ಬಹುಪಾಲು ತಮ್ಮದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಅದೇ ಸಮಯಕ್ಕೆ ಹೂ ಬಿಡುವ ಇನ್ನೊಂದು ಜಪಾನಿ ತಳಿ ಹತ್ತಿರದಲ್ಲಿರಬೇಕು, ಜೇನ್ನೊಣಗಳೂ ಬರಬೇಕು. ಯುರೋಪಿನ ತಳಿಯನ್ನು ಜೊತೆಗೆ ನೆಟ್ಟು ಕಾಯುವುದು ವ್ಯರ್ಥ: ಜಪಾನಿ ಪ್ಲಮ್‌ಗೆ 16 ವರ್ಣತಂತುಗಳು (ಕ್ರೋಮೋಸೋಮ್), ಯುರೋಪಿನದಕ್ಕೆ 48, ಹಾಗಾಗಿ ಒಂದರ ಪರಾಗ ಇನ್ನೊಂದಕ್ಕೆ ಹೊಂದುವುದಿಲ್ಲ. ಒಂದೇ ಮರಕ್ಕೆ ಜಾಗವಿದ್ದರೆ ವಿಕ್ಟೋರಿಯಾ ಅಥವಾ ಸ್ಟ್ಯಾನ್ಲಿ ಎಂಬ ಯುರೋಪಿನ ತಳಿಯನ್ನು ಆರಿಸಿ. ಇವು ಒಂಟಿಯಾಗಿಯೂ ಫಲ ಕೊಡುತ್ತವೆ. ಆದರೆ ಇವಕ್ಕೆ ದೀರ್ಘ ಚಳಿ ಬೇಕು. ಬೆಚ್ಚನೆಯ ಜಾಗದಲ್ಲಿ ಕಡಿಮೆ ಚಳಿ ಸಾಕಾಗುವ ಜಪಾನಿ ತಳಿಗಳೇ ಲೇಸು. ಹೂವಿನ ಹೊತ್ತಿನ ಹಿಮವೂ ಫಸಲನ್ನು ಕೆಡಿಸುತ್ತದೆ.

ಬೀಜದಿಂದ ಎದ್ದ ಗಿಡ ತಾಯಿಮರದಂತಹ ಹಣ್ಣು ಕೊಡುವ ಭರವಸೆಯಿಲ್ಲ. ಕಸಿ ಗಿಡವನ್ನೇ ತನ್ನಿ.

ಕಾಯಿ ಹೆಚ್ಚಾದ ವರ್ಷ ಮನಸ್ಸು ಗಟ್ಟಿ ಮಾಡಿಕೊಂಡು, ಎರಡು ಕಾಯಿಗಳ ನಡುವೆ 8-10 ಸೆಂಟಿಮೀಟರ್ ಅಂತರ ಉಳಿಯುವಂತೆ ಎಳೆಗಾಯಿಗಳನ್ನು ಕಿತ್ತುಹಾಕಿ. ಇಲ್ಲದಿದ್ದರೆ ಹಣ್ಣು ಸಣ್ಣದಾಗುತ್ತದೆ, ಕೊಂಬೆಯೂ ಮುರಿಯುತ್ತದೆ. ಸವರುವ ಕೆಲಸ ಬೇಸಿಗೆಯ ಒಣಹವೆಯಲ್ಲಿರಲಿ. ತೇವದ ಚಳಿಯಲ್ಲಿ ಕತ್ತರಿಸಿದರೆ ಗಾಯದ ಮೂಲಕ ಎಲೆ ಬೆಳ್ಳಿಬಣ್ಣಕ್ಕೆ ತಿರುಗಿಸುವ ಶಿಲೀಂಧ್ರ ಒಳಹೊಕ್ಕೀತು.

ಜಾಮ್‌ಗೆ ಸ್ವಲ್ಪ ಗಟ್ಟಿಯಿರುವ ಹಣ್ಣೇ ಒಳ್ಳೆಯದು, ಅದರಲ್ಲಿ ಜಾಮನ್ನು ಗಟ್ಟಿಯಾಗಿಸುವ ಪೆಕ್ಟಿನ್ ಹೆಚ್ಚು. ಸಿಪ್ಪೆ ತೆಗೆಯಬೇಡಿ, ಬಣ್ಣವೂ ಹುಳಿಯೂ ಅಲ್ಲೇ ಇರುವುದು. ಒಣಗಿಸುವುದಕ್ಕೆ ಸಕ್ಕರೆಯಂಶ ಹೆಚ್ಚಿರುವ ಯುರೋಪಿನ ತಳಿಗಳು ಸೂಕ್ತ. ಓಟೆ ಒಡೆದು ಒಳಗಿನ ತಿರುಳನ್ನು ತಿನ್ನಬೇಡಿ. ಅದರಿಂದ ಸಯನೈಡ್ ಬಿಡುಗಡೆಯಾಗುತ್ತದೆ.